ಸಪ್ಪಳ ಕೇಳುವ ಬುಡ್ಡೇಸಾಬರು

ಬುಡ್ಡೇಸಾಬರು ಬೇರಿಂಗನ್ನು ಕಣ್ಣಿನಿಂದ ಪರೀಕ್ಷಿಸುವುದಿಲ್ಲ, ಕಿವಿಯಿಂದ ಪರೀಕ್ಷಿಸುತ್ತಾರೆ. ಸೊಲ್ಲಾಪುರ ರಸ್ತೆಯ ನನ್ನ ಅಂಗಡಿಗೆ ಬೇರಿಂಗು, ಬೆಲ್ಟು, ಪುಲ್ಲಿಗಳಿಗಾಗಿ ದಿನವೂ ಹತ್ತಾರು ಜನ ಬರುತ್ತಾರೆ. ಡಬ್ಬಿಯ ಮೇಲಿನ ನಂಬರು ಓದುತ್ತಾರೆ, ಕಂಪನಿಯ ಹೆಸರು ಕೇಳುತ್ತಾರೆ, ಜೇಬಿಗಿಳಿಸಿ ಹೋಗುತ್ತಾರೆ. ಟಿಕೋಟಾದಿಂದ ಬಸ್ಸಿನಲ್ಲಿ ಬರುವ ಈ ಒಬ್ಬ ಮನುಷ್ಯ ಮಾತ್ರ ಡಬ್ಬಿ ಒಡೆಸಿ, ಎಣ್ಣೆಕಾಗದ ಬಿಚ್ಚಿಸಿ, ಬೇರಿಂಗನ್ನು ಕಿರುಬೆರಳಿಗೆ ಉಂಗುರದಂತೆ ತೊಡಿಸಿ, ಬಲಗಿವಿಯ ಹತ್ತಿರ ಹಿಡಿದು, ಇನ್ನೊಂದು ಕೈಯಿಂದ ಒಮ್ಮೆ ಗಿರ್ರನೆ ತಿರುವಿ, ಕಣ್ಣು ಮುಚ್ಚಿ, ಅದು ತಾನಾಗಿ ನಿಲ್ಲುವವರೆಗೆ ಧ್ಯಾನಸ್ಥರಾಗಿ ನಿಂತುಬಿಡುತ್ತಾರೆ. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಒಮ್ಮೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಬಾಗಿಲ ಮುಂದೆ ಹಾದುಹೋದಾಗ, ತಿರುಗುತ್ತಿದ್ದ ಬೇರಿಂಗನ್ನು ಹೆಬ್ಬೆರಳಿನಿಂದ ತಡೆದು ನಿಲ್ಲಿಸಿ, ಟ್ರ್ಯಾಕ್ಟರಿನ ಸದ್ದು ಪೂರ್ತಿ ಕರಗುವ ತನಕ ಕಾದು, ಮತ್ತೆ ಮೊದಲಿನಿಂದ ತಿರುವಿದ್ದನ್ನು ನಾನೇ ಕಂಡಿದ್ದೇನೆ.

"ಇದು ಮಾತಾಡತೈತ್ರಿ ಅಯ್ಯಾರ," ಎಂದು ಕಣ್ಣು ತೆರೆದು ತೀರ್ಪು ಕೊಡುತ್ತಾರೆ. "ಮಾತಾಡೋ ಬೇರಿಂಗ್ ನನಗ ಬ್ಯಾಡ. ಸುಮ್ನಿರೋದು ಕೊಡ್ರಿ."

"ಸುಮ್ನಿರೋ ಮಾಲು ಈ ಅಂಗಡ್ಯಾಗ ನಾ ಒಬ್ಬನ ಅದೀನ್ರಿ ಸಾಬ್ರ. ಕಟ್ಟಿ ಕೊಡ್ಲೇನು?"

"ನೀವೂ ಮಾತಾಡ್ತೀರಿ," ಎಂದು ಮುಂದಿನ ಡಬ್ಬಿಗೆ ಕೈ ಚಾಚುತ್ತಾರೆ.

ಅವರ ನಡಿಗೆ ಎಡಕ್ಕೆ ವಾಲುತ್ತದೆ. ಹತಾರಗಳ ಚೀಲವನ್ನು ಬಲಹೆಗಲಿಗೆ ಹಾಕಿಕೊಂಡು ಇಪ್ಪತ್ತು ವರ್ಷ ತೋಟದಿಂದ ತೋಟಕ್ಕೆ ಪಂಪು ರಿಪೇರಿಗೆಂದು ತಿರುಗಿದ ಆ ದೇಹ, ಚೀಲ ಇಳಿಸಿ ಟಿಕೋಟಾದಲ್ಲಿ ಅಂಗಡಿ ಹಾಕಿ ಹದಿನಾಲ್ಕು ವರ್ಷವಾದರೂ, ಹೆಗಲ ಮೇಲೆ ಭಾರವಿದೆಯೆಂದೇ ನಂಬಿಕೊಂಡಿದೆ. ಮೈಮೇಲೆ ಸದಾ ಒಂದು ಖಾಕಿ ಕೋಟು. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲೂ ಅದು ಇಳಿಯುವುದಿಲ್ಲ. ದರ್ಜಿ ಹೊಲಿದುಕೊಟ್ಟಾಗ ಅದಕ್ಕೆ ಮೂರು ಜೇಬುಗಳಿದ್ದವು. ಈಗ ಹನ್ನೊಂದಿವೆ. ಉಳಿದ ಎಂಟನ್ನು ಮನೆಯಾಕೆ ಮಾಬುಬಿ ಹೊಲಿದಿದ್ದಾರೆ, ನಟ್ಟು ಬೋಲ್ಟುಗಳು ಅರಿವೆ ಹರಿದು ಉದುರಬಾರದೆಂದು ಪ್ರತಿಯೊಂದರ ತಳಕ್ಕೂ ಹಳೆಯ ರೆಗ್ಜಿನ್ನಿನ ತುಂಡು ಕೊಟ್ಟು. ಇಷ್ಟು ಜೇಬು ಯಾಕೆಂದರೆ ಬುಡ್ಡೇಸಾಬರು ಎಂದೂ ಅಳತೆ ಬರೆದುಕೊಂಡು ಬರುವವರಲ್ಲ. ಯಾವುದರ ಜೋಡಿ ಬೇಕೋ ಆ ವಸ್ತುವನ್ನೇ ಹೊತ್ತು ತರುವವರು. ಅಳತೆ ಸುಳ್ಳು ಹೇಳುತ್ತದೆ, ಸಾಮಾನು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಒಂದು ಸಲ ತೊಟ್ಟಿಯಗಲದ ಪುಲ್ಲಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂದಿದ್ದರು. ಕಂಡಕ್ಟರು ಅದಕ್ಕೂ ಒಂದು ಟಿಕೀಟು ಹರಿದಿದ್ದ.

ಇನ್ನು ಅವರ ಮಾತು. ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಹೇಳುವ ಒಂದು ಪದ್ಧತಿ ಅವರಿಗಿದೆ, ಎದುರಿಗೆ ಕೂತವನಿಗೆ ಆ ಶ್ರಮ ಯಾಕೆಂಬ ಸೌಜನ್ಯದಿಂದಲೋ ಏನೋ. "ಬೆಲ್ಟ್ ಜಾರಾಕತ್ತೈತಿ. ಅಂದ್ರ ಏನಾತು? ಪುಲ್ಲಿ ಸವದೈತಿ. ಅಂದ್ರ ಏನಾತು? ಅಯ್ಯಾರ ಕೊಟ್ಟ ಮಾಲು ಕಚ್ಚಾ ಇತ್ತು." ಹೀಗೆ ಮೂರೇ ಮೆಟ್ಟಿಲಲ್ಲಿ ಯಾವ ಊರಿನ ದೋಷವನ್ನಾದರೂ ನನ್ನ ಹಣದ ಗಲ್ಲೆಯವರೆಗೆ ಇಳಿಸಿ ತಂದು ನಿಲ್ಲಿಸಬಲ್ಲರು.

ಅವರ ಅಂಗಡಿಯ ಕಸುಬು ದ್ರಾಕ್ಷಿ ತೋಟಗಳನ್ನು ಆಶ್ರಯಿಸಿದ್ದು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಔಷಧ ಸಿಂಪಡಿಸುವ ಬ್ಲೋವರುಗಳ ರಿಪೇರಿ. ಅಕ್ಟೋಬರಿನಲ್ಲಿ ಚಾಟ್ನಿಯಾಗಿ, ಅಂದರೆ ಬಳ್ಳಿಗಳನ್ನು ಕತ್ತರಿಸಿ ಮುಗಿದು ಹೊಸ ಚಿಗುರು ಬಂತೆಂದರೆ, ಟಿಕೋಟಾ ಬಬಲೇಶ್ವರಗಳ ಸೀಮೆಯಲ್ಲಿ ಔಷಧ ಹೊಡೆಯದ ದಿನವೇ ಇರುವುದಿಲ್ಲ. ಆ ಬ್ಲೋವರಿನ ಕಮಾನಿನಲ್ಲಿ ಸಾಲಾಗಿ ಕೂತ ನಾಝಲುಗಳಿಂದ ಔಷಧ ಮಂಜಿನಂತೆ ಹೊರಬರಬೇಕು. ಪ್ರತಿ ನಾಝಲಿನ ತುದಿಗೂ ಒಂದು ಹಿತ್ತಾಳೆಯ ಕವಚ. ಹೆಬ್ಬೆರಳ ತುದಿಯಷ್ಟಿರುವ ಅದನ್ನು ಎಲ್ಲರೂ ಟೋಪಿ ಎನ್ನುತ್ತಾರೆ. ನಮ್ಮ ಬೋರಿನ ಗಡಸುನೀರು, ಮೈಲುತುತ್ತ ಸುಣ್ಣದ ಔಷಧ, ಯೂರಿಯಾ ಎಲ್ಲ ಸೇರಿ ಒಂದು ಹಂಗಾಮಿನಲ್ಲಿ ಆ ಟೋಪಿಗಳ ಮೇಲೆ ಹಸಿರುಗಪ್ಪಿನ ಕಲ್ಲು ಕಟ್ಟಿಬಿಡುತ್ತದೆ. ಹೀಗಾಗಿ ಚಾಟ್ನಿಗೆ ಮುಂಚೆ ರೈತರು ಟೋಪಿಗಳನ್ನು ಬಿಚ್ಚಿ, ಚೀಲದಲ್ಲಿ ತುಂಬಿ, ಮೇಲೊಂದು ಚೀಟಿ ಕಟ್ಟಿ ಬುಡ್ಡೇಸಾಬರಲ್ಲಿ ತಂದು ಸುರಿಯುತ್ತಾರೆ.

ಬೇರೆ ಅಂಗಡಿಗಳಲ್ಲಿ ಇವನ್ನು ಆಸಿಡ್ಡಿನಲ್ಲಿ ಅದ್ದಿ ತೆಗೆಯುತ್ತಾರೆ. ಐದು ನಿಮಿಷದ ಕೆಲಸ. ಬುಡ್ಡೇಸಾಬರು ಒಲ್ಲರು. ಆಸಿಡ್ಡಿಗೆ ಬಿದ್ದ ಹಿತ್ತಾಳೆ ಕೆಂಪೇರುತ್ತದೆ, ಒಳಗಿನ ಜಸ್ತವನ್ನು, ಅಂದರೆ ಸತುವನ್ನು, ಕಳೆದುಕೊಂಡು ಪೊಳ್ಳಾಗುತ್ತದೆ ಎಂದು ಅವರ ವಾದ. "ಮುಖಕ್ಕ ಬಣ್ಣ ಬಂತು. ಅಂದ್ರ ಏನಾತು? ಎಲುಬು ಹೋತು." ಆದ್ದರಿಂದ ಅವರಲ್ಲಿ ಟೋಪಿಗಳನ್ನು ಕೈಯಿಂದಲೇ ತಿಕ್ಕಬೇಕು, ಆ ಕೈ ಮಾಬುಬಿಯವರದು. ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಬೋಗುಣಿ ಇಟ್ಟುಕೊಂಡು, ಹುಣಸೆಯ ನೀರು, ಉಪ್ಪು, ಇಟ್ಟಂಗಿ ಪುಡಿಗಳಿಂದ ಹದಿಮೂರು ಹಂಗಾಮು ಆಕೆ ತಿಕ್ಕಿದ್ದಾರೆ. ತಿಕ್ಕುತ್ತ ತಿಕ್ಕುತ್ತ ನೂರಕ್ಕೆ ನಾಲ್ಕೋ ಐದೋ ಟೋಪಿಗಳನ್ನು ಪಕ್ಕದ ಎಣ್ಣೆಡಬ್ಬಿಗೆ ಎಸೆಯುವುದು ಆಕೆಯ ವಾಡಿಕೆ. ಡಬ್ಬಿಗೆ ಹೋದವುಗಳ ಜಾಗಕ್ಕೆ ಬುಡ್ಡೇಸಾಬರು ಹೊಸವನ್ನು ಹಾಕಿ ಲೆಕ್ಕ ಸರಿಮಾಡಿಬಿಡುತ್ತಿದ್ದರು. ಹೊಲಸು ಬಿಡದ ಮೊಂಡ ಟೋಪಿಗಳಿರಬೇಕೆಂದು ಅವರು ತಿಳಿದಿದ್ದರು. ಯಾವುದನ್ನೂ ಹೊರಗೆ ಬಿಸಾಡುವ ಜಾಯಮಾನ ಅವರದಲ್ಲವಾದ್ದರಿಂದ ಡಬ್ಬಿ ಅಲ್ಲೇ ಮೂಲೆಯಲ್ಲಿ ತುಂಬುತ್ತ ಹೋಯಿತು.

ಹೋದ ವರ್ಷ ಜೂನಿನಲ್ಲಿ ಅವರು ನನ್ನಲ್ಲಿ ಬಂದು, ಬೇರಿಂಗು ಕೇಳದೆ, ರಬ್ಬರಿನ ಕೈಗವಸು ಕೇಳಿದರು. ಊರಲ್ಲೇ ಅತಿ ಮೆತ್ತನೆಯದು ಬೇಕು. ಕೊಟ್ಟೆ. ವಾರದಲ್ಲಿ ಮರಳಿ ತಂದರು. ಇನ್ನೂ ತೆಳುವಾದದ್ದು ಬೇಕು. ಅದೂ ಮರಳಿತು. ಮೂರನೆಯ ಜೋಡಿಯನ್ನೂ ಕೋಟಿನ ಒಂಬತ್ತನೆಯ ಜೇಬಿನಿಂದ ತೆಗೆದು ಗಲ್ಲೆಯ ಮೇಲಿಟ್ಟಾಗ, ಕೈಗವಸಿನಲ್ಲಿಯೂ ಸಪ್ಪಳ ಬರುತ್ತದೆಯೇ ಎಂದು ಕೇಳಿದೆ.

"ಆಕಿ ಒಲ್ಲೆ ಅಂತಾಳ್ರಿ," ಎಂದರು. "ಕೈಗೆ ಚೀಲ ಹಾಕ್ಕೊಂಡ್ರ ಬೆರಳು ಕುರುಡ ಆಗ್ತಾವಂತ."

"ಹಿತ್ತಾಳಿ ತಿಕ್ಕಾಕ ಬೆರಳಿಗಿ ಕಣ್ಣ್ಯಾಕ ಬೇಕ್ರಿ?"

ಅವರೂ ನಕ್ಕರು, ನಾನೂ ನಕ್ಕೆ. ಹುಷಾರು ವ್ಯಾಪಾರಿ ಎಂದು ಹೆಸರಾದ ನನಗೂ, ಊರಿಗೆಲ್ಲ ಕಿವಿಯೆನಿಸಿಕೊಂಡ ಅವರಿಗೂ, ಆ ಮಾತನ್ನು ಇನ್ನೊಂದು ಸಲ ತಿರುವಿ ನೋಡಬೇಕೆಂದು ಅನ್ನಿಸಲಿಲ್ಲ. ನಕ್ಕು ಮುಗಿದ ಮೇಲೆ ಮಾತ್ರ ಅವರು, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ ರಸ್ತೆಯ ಕಡೆ ನೋಡುತ್ತ ವಿಷಯ ತೆಗೆದರು. ಮಾಬುಬಿಯವರ ಬೆರಳ ಸಂದಿಗಳು ಸೀಳಿವೆ. ಅಂಗೈ ಒಣಗಿದ ಕೆರೆಯಂತೆ ಬಿರಿದಿದೆ. ರೊಟ್ಟಿ ತಟ್ಟಿದರೆ ಹಿಟ್ಟಿಗೆ ರಕ್ತ ಹತ್ತುತ್ತದೆ. ಇಲ್ಲಿಯ ಚರ್ಮದ ಡಾಕ್ಟರಮ್ಮನವರಿಗೆ ತೋರಿಸಿದ್ದಾರೆ. ಹುಣಸೆ, ಉಪ್ಪು, ಇಟ್ಟಂಗಿ ಪುಡಿ, ಹೊಲಸು ನೀರು ಇನ್ನು ಮುಟ್ಟಕೂಡದು. ಮುಟ್ಟಿದರೆ ಬೆರಳು ಮಡಚಲು ಬಾರದ ಹಾಗೆ ಆದೀತು ಎಂದಿದ್ದಾರೆ. ಚಾಟ್ನಿಗೆ ಮೂರೂವರೆ ತಿಂಗಳಿತ್ತು. ಟೋಪಿಗಳು ಬಂದು ಬೀಳುವುದು ನಿಲ್ಲುವುದಿಲ್ಲ, ಬಿದ್ದದ್ದನ್ನು ಕಂಡೂ ಸುಮ್ಮನಿರುವ ಹೆಣ್ಣುಮಗಳಲ್ಲ ಮಾಬುಬಿ, ಆಸಿಡ್ಡನ್ನು ಬುಡ್ಡೇಸಾಬರು ಹೊಸಿಲು ದಾಟಿಸುವುದಿಲ್ಲ.

"ಅಂದ್ರ ಏನಾತು?" ಎಂದರು. ಆ ದಿನ ಉತ್ತರ ಅವರ ಬಾಯಿಂದ ಬರಲಿಲ್ಲ.

ಉತ್ತರ ಬಂದದ್ದು ಮಲಕಾಜಪ್ಪನ ಮೊಬೈಲಿನಿಂದ. ಘೋಣಸಗಿಯ ಮಲಕಾಜಪ್ಪ ನನ್ನ ಜೊತೆ ಸಾಲಿ ಕಲಿತವನು. ದೊಡ್ಡ ದ್ರಾಕ್ಷಿ ತೋಟ, ಅದಕ್ಕಿಂತ ದೊಡ್ಡ ಬಾಯಿ. ಬುಡ್ಡೇಸಾಬರನ್ನು ಮಾವಾ ಎನ್ನುತ್ತಾನೆ. ಯಾವುದೋ ದೇಶದ ಬಿಳಿಯನೊಬ್ಬ ಬಂದೂಕು ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ತೋಟಾಗಳನ್ನು ನೀರು ತುಂಬಿದ ಡಬ್ಬಿಯಲ್ಲಿ ಹಾಕಿ, ಉಕ್ಕಿನ ಸಣ್ಣ ಕಡ್ಡಿಗಳ ಜೊತೆ ಉರುಳಿಸಿ ಉರುಳಿಸಿ ಬಂಗಾರದಂತೆ ಬೆಳಗಿ ತೆಗೆಯುವ ವಿಡಿಯೋ ಅದು. ಮಲಕಾಜಪ್ಪ ತೋರಿಸಿದ್ದು ಬರಿಯ ಮೋಜಿಗೆ. ಬುಡ್ಡೇಸಾಬರು ಅದನ್ನು ನೋಡಲಿಲ್ಲ. ಮೊಬೈಲನ್ನು ಇಸಿದುಕೊಂಡು ಬಲಗಿವಿಗೆ ಹಿಡಿದು, ಕಣ್ಣು ಮುಚ್ಚಿ, ಏಳು ಸಲ ಕೇಳಿದರು.

"ಅರಿವಿ ಒಗ್ಯೋ ಮಶೀನಲ್ಲ ಇದು," ಎಂದರು. "ಮೆಲ್ಲಕ ತಿರಗತೈತಿ. ಮಿಂಟಕ್ಕ ನಲವತ್ತು ಸುತ್ತು. ಒಳಗ ಸಾಮಾನು ಜಾರಾಕತ್ತಿಲ್ಲ, ಬೀಳಾಕತ್ತಾವ."

"ಅಂಥಾದ್ದು ತಯಾರ ಸಿಗತೈತಿ ಮಾವಾ. ಮೊಬೈಲನ್ಯಾಗ ಒತ್ತಿದ್ರ ಮನಿ ಬಾಗಿಲಿಗಿ ಬರತೈತಿ."

ತಯಾರು ಎಂಬ ಶಬ್ದವನ್ನು ಮಲಕಾಜಪ್ಪ ಆಡಬಾರದಿತ್ತು. ತಮ್ಮ ಕೈಯಿಂದ ಬಿಚ್ಚಿ ಜೋಡಿಸದ ಯಾವ ಯಂತ್ರವನ್ನೂ ಬುಡ್ಡೇಸಾಬರು ಯಂತ್ರವೆಂದು ಎಣಿಸಿದವರಲ್ಲ. ಮದುವೆಯಲ್ಲಿ ಬಂದ ಮಿಕ್ಸರನ್ನು ಕೂಡ ಮೊದಲು ಪೂರ್ತಿ ಬಿಚ್ಚಿ, ಮರಳಿ ಕಟ್ಟಿ, ಆಮೇಲೆ ಅಡುಗೆಮನೆಗೆ ಬಿಟ್ಟವರು.

ಮುಂದಿನ ಎರಡು ತಿಂಗಳು ಆ ಯಂತ್ರದ ಚರಿತ್ರೆಯನ್ನು ನಾನು ಅವರ ಜೇಬುಗಳಿಂದಲೇ ತಿಳಿದುಕೊಂಡೆ. ಒಂದು ದಿನ ಬೋರಿಗೆ ಇಳಿಸುವ ಅಗಲ ಪೈಪಿನ ಚೂರು ಹೊರಬಂತು. ಟೋಪಿ ಉರುಳಿಸುವ ಡ್ರಮ್ಮಿಗೆ ಅದರದೇ ಮೊಳದುದ್ದ ತುಂಡು. ಇನ್ನೊಂದು ದಿನ ಕೂಲರಿನಿಂದ ಬಿಚ್ಚಿದ ಮೋಟರಿನ ಗಾಲಿ. ಎರಡು ಕಬ್ಬಿಣದ ಸಲಾಕೆಗಳನ್ನು ಅಕ್ಕಪಕ್ಕ ಮಲಗಿಸಿ, ಅವಕ್ಕೆ ರಬ್ಬರಿನ ಕೊಳವೆ ತೊಡಿಸಿ, ಮೇಲೆ ಡ್ರಮ್ಮು ಇಟ್ಟು, ಸಲಾಕೆ ತಿರುಗಿದರೆ ಡ್ರಮ್ಮೂ ತಿರುಗಬೇಕೆಂಬುದು ಏರ್ಪಾಡು. ಸಲಾಕೆಗಳಿಗೆ ನಾಲ್ಕು ಬೇರಿಂಗು. ಆ ನಾಲ್ಕನ್ನು ಆರಿಸಲು ಅವರು ನನ್ನ ಇಪ್ಪತ್ತಾರು ಡಬ್ಬಿ ಒಡೆಸಿದರು. ಮುಚ್ಚಳ ಸೋರುತ್ತದೆಂದು ಟ್ರ್ಯಾಕ್ಟರಿನ ಹಳೆಯ ಟ್ಯೂಬನ್ನು ಕತ್ತರಿಸಿ ವಾಷರು ಮಾಡಿಕೊಂಡರು. ಉಕ್ಕಿನ ಕಡ್ಡಿಗಳಿಗಾಗಿ ಸೈಕಲ್ ಅಂಗಡಿಗಳ ಮೂಲೆ ಬಳಿದು ಹಳೆಯ ಸ್ಪೋಕುಗಳನ್ನೆಲ್ಲ ತಂದು, ಒಂದೊಂದನ್ನೂ ಅಕ್ಕಿಕಾಳಿನುದ್ದಕ್ಕೆ ಕತ್ತರಿಸಿದರು. ಆ ಉದ್ದದ ಚೂರುಗಳು ಟೋಪಿಯ ತೂತಿನಲ್ಲಿ ಅಡ್ಡ ಸಿಕ್ಕಿಕೊಂಡವು. ಹಾಗಾಗಿ ಆ ಸಾವಿರಾರು ಚೂರುಗಳನ್ನು ಮತ್ತೆ ಎರಡೆರಡಾಗಿ ಕತ್ತರಿಸಿದರು. ಕಟರು ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಒಂದೇ ಮನೆಯಲ್ಲಿ ಎರಡು ಜೋಡಿ ಕೈಗಳು ಹಾಳಾದವಲ್ಲ ಎಂದೆ. ಕೋಟಿನ ಜೇಬಿಗೆ ಕೈಯಿಳಿಸಿ ಮಾತು ಬದಲಿಸಿದರು.

ಮೊದಲ ಸಲ ತಿರುಗಿಸಿದಾಗ ಡ್ರಮ್ಮು ತಿರುಗಿತು, ಒಳಗಿನ ಟೋಪಿಗಳು ತಿರುಗಲಿಲ್ಲ. ನುಣುಪಾದ ಗೋಡೆಯ ಮೇಲೆ ಜಾರಿ ಜಾರಿ ತಳದಲ್ಲೇ ಕೂತವು. ವೇಗ ಹೆಚ್ಚಿಸಿದರೆ ಎಲ್ಲವೂ ಗೋಡೆಗೆ ಅಂಟಿಕೊಂಡು ಸುತ್ತಿದವು, ಬೀಳುವ ಹೆಸರೇ ತೆಗೆಯಲಿಲ್ಲ. ಈ ಚಿಂತೆಯಲ್ಲಿ ಅವರು ಟಿಕೋಟಾದಲ್ಲಿ ಮನೆ ಕಟ್ಟುವ ಒಂದು ಜಾಗದಲ್ಲಿ ನಿಂತ ಕಾಂಕ್ರೀಟು ಕಲಸುವ ಯಂತ್ರದೊಳಗೆ ತಲೆ ಹಾಕಿದ್ದನ್ನು ಕಂಡು ಗೌಂಡಿ ಬೈದನಂತೆ. ಒಳಗೋಡೆಗೆ ಮಡಚಿದ ತಗಡಿನ ರೆಕ್ಕೆಗಳಿದ್ದದ್ದನ್ನು ಕಂಡು ಬೈಗಳಿಗೆ ಸಲಾಮು ಹೇಳಿ ಬಂದರು. ಡ್ರಮ್ಮಿನೊಳಗೂ ಮೂರು ರೆಕ್ಕೆ ಕೂತವು. ಹುಣಸೆಯ ಬದಲು ಲಿಂಬಿಯ ರಸ, ನೊರೆಗೆ ಅಂಟವಾಳ ಕಾಯಿ. ಲಿಂಬಿ ಎಷ್ಟು ಹಿಂಡಬೇಕೆಂಬುದರಲ್ಲಿ ಒಂದು ವಾರ ಕಳೆಯಿತು. ಹೆಚ್ಚಾದರೆ ಹಿತ್ತಾಳೆ ಆಸಿಡ್ಡಿಗೆ ಬಿದ್ದಂತೆಯೇ ಕೆಂಪೇರುತ್ತಿತ್ತು.

ಸೆಪ್ಟೆಂಬರದ ಒಂದು ಮುಂಜಾನೆ ನನಗೆ ಫೋನು ಬಂತು. ಹಲೋ ಇಲ್ಲ, ಅಯ್ಯಾರ ಇಲ್ಲ. ಆ ಕಡೆಯಿಂದ ಬರೀ ಒಂದು ಸದ್ದು: ಝಳ್, ಝಳ್, ಝಳ್, ಹೆಣ್ಣುಮಕ್ಕಳು ಬೋಗುಣಿಯಲ್ಲಿ ಅಕ್ಕಿ ತೊಳೆಯುವ ಹಾಗೆ. ಒಂದು ನಿಮಿಷ ಕೇಳಿಸಿ, "ಹತ್ತಿತ್ರಿ," ಎಂದು ಇಟ್ಟುಬಿಟ್ಟರು.

ಅದನ್ನು ನೋಡಲು ಜನ ಬಂದರು. ಸಲಾಕೆಗಳ ಮೇಲೆ ಮೆಲ್ಲನೆ ಉರುಳುವ ಡ್ರಮ್ಮನ್ನು ಕಂಡು ಮಲಕಾಜಪ್ಪ, "ಈ ವಯಸ್ಸಿನ್ಯಾಗ ತೊಟ್ಟಿಲಾ ಕಟ್ಟೀಯಲ್ಲೋ ಮಾವಾ," ಎಂದ. ಅಂದಿನಿಂದ ಅದರ ಹೆಸರು ತೊಟ್ಟಿಲು. ಮೊದಲಿಗೆ ಅವನ ಚೀಲವೇ ಅದರೊಳಗೆ ಬಿತ್ತು. ಎರಡು ತಾಸಿನ ಮೇಲೆ ಮುಚ್ಚಳ ಬಿಚ್ಚಿ ಜಾಳಿಗೆಗೆ ಸುರಿದಾಗ, ಅಂಗಡಿಯ ಮುಂದಿನ ಬಿಸಿಲಿಗೆ ಅವು ಹೊಳೆದ ಹೊಳಪಿಗೆ ನಾವೆಲ್ಲ ಕಣ್ಣು ಕಿರಿದುಮಾಡಿದೆವು. ಇನ್ನೂರ ನಲವತ್ತು ಹೋಗಿದ್ದವು, ಇನ್ನೂರ ನಲವತ್ತೂ ಬಂಗಾರವಾಗಿ ಬಂದವು.

"ಒಂದೂ ವಜಾ ಇಲ್ಲ," ಎಂದರು ಬುಡ್ಡೇಸಾಬರು.

ನೂರಕ್ಕೆ ನೂರು ಚಲೋ ಮಾಲು ಎಂದು ಯಾರಾದರೂ ಹೇಳಿದರೆ ಡಬ್ಬಿಯ ತಳ ತಿರುವಿ ನೋಡುವುದು ನನ್ನ ಕಸುಬು. ಆ ದಿನ ಮಾತ್ರ ನಾನೂ ತಲೆದೂಗಿದೆ. ಮಾಬುಬಿ ನೋಡಲು ಹೊರಗೆ ಬರಲಿಲ್ಲ. ಮುಲಾಮು ಹಚ್ಚಿ ಅರಿವೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೋಗುಣಿ ಬೋರಲು ಹಾಕಿದ ಕಟ್ಟೆಯ ಮೇಲೆ ಕೂತಿದ್ದರು. ಬುಡ್ಡೇಸಾಬರು ಒಂದು ಟೋಪಿಯನ್ನು ಒಯ್ದು ಆಕೆಯ ಮುಂದೆ ಹಿಡಿದರು. ಆಕೆ ಅದನ್ನು ದೂರದಿಂದಲೇ ನೋಡಿ, "ಚಲೋ ಮಿಂಚತೈತಿ," ಎಂದರು. ಇನ್ನು ಹುಣಸೆ ಮುಟ್ಟುವುದು ಬೇಡ ಎಂದು ಅವರು ಹೇಳಲಿಲ್ಲ. ಮುಟ್ಟುವುದಿಲ್ಲ ಎಂದು ಆಕೆಯೂ ಹೇಳಲಿಲ್ಲ. ಅವರ ಮನೆಯಲ್ಲಿ ಹೇಳಬೇಕಾದ ಮಾತುಗಳೆಲ್ಲ ಹೆಚ್ಚಾಗಿ ಹೀಗೆಯೇ ಏನಾದರೊಂದು ವಸ್ತುವಾಗಿ ಬಂದು ನಿಲ್ಲುತ್ತವೆ, ಆ ಎಂಟು ಜೇಬುಗಳ ಹಾಗೆ.

ಅಕ್ಟೋಬರಿನ ಕೊನೆಗೆ ಮಲಕಾಜಪ್ಪ ಕಿವಿಗೆ ಹತ್ತಿ ಪಟ್ಟಿ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ. ಬ್ಲೋವರು ನಡೆಯುವಾಗ ಎರಡು ಟೋಪಿಗಳು ಒತ್ತಡಕ್ಕೆ ಸಿಡಿದಿದ್ದವು. ಒಂದು ಟ್ರ್ಯಾಕ್ಟರಿನ ತಗಡನ್ನು ತಗ್ಗುಮಾಡಿ ಬಿತ್ತು. ಇನ್ನೊಂದು ಹಿಂತಿರುಗಿ ನೋಡುತ್ತಿದ್ದ ಇವನ ಕಿವಿಯ ಹಾಲೆಯನ್ನು ಸೀಳಿಕೊಂಡು ಹೋಗಿತ್ತು. ನಾಲ್ಕು ಬೆರಳು ಈಚೆಗೆ ಬಂದಿದ್ದರೆ ಕಣ್ಣು.

ಟಿಕೋಟಾಕ್ಕೆ ನಾನೂ ಅವನ ಜೊತೆ ಹೋದೆ, ತಪ್ಪು ನನ್ನ ಬೇರಿಂಗುಗಳದಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತಲ್ಲ.

"ನೀ ಮಾಡಿದ ಬಂಗಾರ ನನ್ನ ಕಿವಿ ಚುಚ್ಚಾಕ ಬಂದಿತ್ತು ಮಾವಾ," ಎಂದ ಮಲಕಾಜಪ್ಪ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬುಡ್ಡೇಸಾಬರ ಮುಖ ಕಂಡು ಅಷ್ಟಕ್ಕೇ ಇಳಿದವು.

ಅವರು ಸಿಡಿದ ಟೋಪಿಯ ಹೋಳುಗಳನ್ನು ಅಂಗೈಗೆ ಸುರಿದುಕೊಂಡರು. ಆಮೇಲೆ, "ಮ್ಯಾಲಿಂದ ಕೆಳಗ ಬಿದ್ದು ಬಿದ್ದು ಬಿರಕ ಬಿಟ್ಟಾವ," ಎಂದರು. "ಅಂದ್ರ ಏನಾತು? ತೊಟ್ಟಿಲಾ ಒಡದೈತಿ ಇವನ್ನ." ಮೆಟ್ಟಿಲು ಎರಡಕ್ಕೇ ಮುಗಿದಿತ್ತು, ನನ್ನ ಗಲ್ಲೆಯವರೆಗೆ ಅದು ಬರಲೇ ಇಲ್ಲ. ಜೇಬಿನಿಂದ ಪಾನಾ ತೆಗೆದು ಮೋಟರಿನ ನಟ್ಟು ಸಡಿಲಿಸತೊಡಗಿದರು. ಸಾರವಾಡದ ರೈತರು ಬಿಟ್ಟುಹೋದ ಟೋಪಿಗಳು ಆಗತಾನೆ ತೊಟ್ಟಿಲಿನಿಂದ ಇಳಿದು ಜಾಳಿಗೆಯಲ್ಲಿ ಒಣಗುತ್ತಿದ್ದವು. ಇನ್ನೂ ಆರು ಚೀಲ ಗೋಡೆಗೆ ಒರಗಿದ್ದವು.

ಹಿಂದಿನ ಕಟ್ಟೆಯಲ್ಲಿ ಬೋಗುಣಿ ಸದ್ದಾಯಿತು. ಮಾಬುಬಿ ಅದನ್ನು ನೆಟ್ಟಗೆ ಮಾಡಿ, ಕೈಗೆ ಸುತ್ತಿದ ಅರಿವೆಯನ್ನು ಬಿಚ್ಚುತ್ತಿದ್ದರು. ಗಾಯಗಳು ಮಾದು, ಎಳೆಯ ಕೆಂಪು ಚರ್ಮ ಬಂದಿತ್ತು. ನಾಲ್ಕು ತಿಂಗಳು ಕಾದು ಪಡೆದ ಆ ಚರ್ಮ ಮತ್ತೆ ಹುಣಸೆಯ ನೀರಿಗೆ ಇಳಿಯುವುದಿತ್ತು. ಬುಡ್ಡೇಸಾಬರ ಪಾನಾ ನಟ್ಟಿನ ಮೇಲೆಯೇ ನಿಂತಿತು. ಮುಂದಕ್ಕೂ ತಿರುಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ.

ಆಕೆ ನೀರಿಗೆ ಕೈ ಹಾಕಲಿಲ್ಲ. ಎದ್ದು ಬಂದು ಒಂದು ಹೋಳನ್ನು ಗಂಡನ ಅಂಗೈಯಿಂದ ಎತ್ತಿಕೊಂಡು, ಒಡೆದ ಅಂಚಿನ ಮೇಲೆ ಉಗುರು ಎಳೆದರು.

"ನೋಡ್ರಿ ಇಲ್ಲಿ, ಅಂಚು ಕರ್ರಗೈತಿ. ಹೊಸಾ ಬಿರಕ ಆಗಿದ್ರ ಇಲ್ಲೂ ಮಿಂಚತಿತ್ತು. ಮಶೀನ ಒಡದಿಲ್ಲ ಇವನ್ನ. ಒಡದದ್ದನ್ನ ತೊಳದೈತಿ ಅಷ್ಟ."

ಮೂಲೆಯ ಎಣ್ಣೆಡಬ್ಬಿಯನ್ನು ಕಾಲಿನಿಂದ ಮುಂದಕ್ಕೆ ನೂಕಿದರು. ಬುಡ್ಡೇಸಾಬರು ಬಗ್ಗಿ ಅದರೊಳಗಿನ ಒಂದು ಟೋಪಿ ತೆಗೆದು, ಪಾನಾದ ತುದಿಯಿಂದ ತಟ್ಟಿ, ಕಿವಿಗೆ ಹಿಡಿದರು. ಟಕ್. ಇನ್ನೊಂದು. ಟಕ್. ಜಾಳಿಗೆಯ ಒಂದನ್ನು ತಟ್ಟಿದರು: ಟಿಣ್. ಮರಳಿ ಡಬ್ಬಿಗೆ ಕೈ ಹಾಕಿದರು. ಟಕ್. ಹತ್ತು, ಹದಿನೈದು, ಇಪ್ಪತ್ತು ತಟ್ಟಿದರು; ಹದಿಮೂರು ಹಂಗಾಮಿನ ಆ ಡಬ್ಬಿಯಲ್ಲಿ ಘಂಟೆಯ ದನಿಯುಳ್ಳದ್ದು ಒಂದೂ ಇರಲಿಲ್ಲ. ಯೂರಿಯಾಕ್ಕೆ ಸಿಕ್ಕ ಹಿತ್ತಾಳೆಯಲ್ಲಿ ಕೂದಲಿನಂಥ ಬಿರುಕು ಬಿಡುವುದು ಅವರಿಗೆ ಗೊತ್ತಿತ್ತು. ತಿಕ್ಕುವ ಬೆರಳಿನ ಉಗುರು ಅದನ್ನು ಹಿಡಿಯುತ್ತಿತ್ತೆಂಬುದು ಗೊತ್ತಿರಲಿಲ್ಲ. ಪ್ರಪಂಚದ ಬೇರಿಂಗುಗಳನ್ನೆಲ್ಲ ಕಿವಿಗೆ ಹಿಡಿದ ಮನುಷ್ಯ, ತನ್ನ ಬೆನ್ನ ಹಿಂದೆ ಮೂರು ಮೊಳ ದೂರದಲ್ಲಿ ಡಬ್ಬಿಗೆ ಬೀಳುತ್ತಿದ್ದ ಆ ಒಡಕು ದನಿಯನ್ನು ಒಮ್ಮೆಯೂ ಎತ್ತಿ ನೋಡಿರಲಿಲ್ಲ.

"ಹೇಳಬೇಕಿಲ್ಲೇನ?" ಎಂದರು, ಬಹಳ ಸಣ್ಣ ದನಿಯಲ್ಲಿ.

"ಹೇಳೂದೇನು, ಡಬ್ಬ್ಯಾಗ ಹಾಕ್ತಿದ್ನಲ್ಲ."

ಮಾಬುಬಿ ಪರಾತದಲ್ಲಿ ಸಾರವಾಡದ ಟೋಪಿಗಳನ್ನು ಸುರಿದುಕೊಂಡು ಕೂತರು. ಒಣಗಿದ ಟೋಪಿ, ಒಣಗಿದ ಕೈ. ಹೊಸ ಚರ್ಮಕ್ಕೆ ಹಳೆಯ ವಿದ್ಯೆ ನೆನಪಿದೆಯೋ ಇಲ್ಲವೋ ಎಂದು ನಾವು ಮೂವರೂ ನಿಂತು ನೋಡುತ್ತಿದ್ದರೆ, ಆಕೆ ನಮ್ಮ ಕಡೆ ನೋಡದೆ ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ಉಗುರು ಎಳೆದು ಬದಿಗಿಡುತ್ತ ಹೋದರು. ಏಳು ಟೋಪಿಗಳು ಡಬ್ಬಿಗೆ ಬಿದ್ದವು. ಬುಡ್ಡೇಸಾಬರು ಏಳನ್ನೂ ಹೆಕ್ಕಿ ತಟ್ಟಿ ಕೇಳಿದರು. ಆರು ಟಕ್ ಎಂದವು. ಏಳನೆಯದು ಟಿಣ್ ಎಂದಿತು.

"ಇದು ಚಲೋ ಐತಿ," ಎಂದರು. ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು.

"ಪಂಪಿಗೆ ಹಾಕ್ರಿ."

"ಟಿಣ್ ಅಂತು, ನೀನೂ ಕೇಳಿದಿ."

"ಪಂಪಿಗೆ ಹಾಕ್ರಿ ಅಂದೆ."

ಅಂಗಡಿಯ ಪರೀಕ್ಷೆಯ ಪಂಪಿಗೆ ಆ ಟೋಪಿಯನ್ನು ತಿರುಗಿಸಿ ಹಾಕಿ ಒತ್ತಡ ಏರಿಸಿದರು. ಮೀಟರಿನ ಮುಳ್ಳು ಹತ್ತು ದಾಟಿತು, ಇಪ್ಪತ್ತು ದಾಟಿತು, ಏನೂ ಆಗಲಿಲ್ಲ; ಬುಡ್ಡೇಸಾಬರು ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಮುಳ್ಳು ಇಪ್ಪತ್ತೈದಕ್ಕೆ ಬಂದಾಗ ಟೋಪಿಯ ಬಗಲಿನಿಂದ ಕೂದಲೆಳೆಯಂಥ ನೀರು ಚಿಮ್ಮಿ, ಅಡ್ಡ ಹಾರಿ, ಆ ದಿನವೇ ಇಸ್ತ್ರಿ ಮಾಡಿಸಿ ಹಾಕಿದ್ದ ನನ್ನ ಬಿಳಿ ಅಂಗಿಯ ಮೇಲೆ ಬಂದು ಬಿತ್ತು.

ಬುಡ್ಡೇಸಾಬರು ಪಂಪು ನಿಲ್ಲಿಸಿ, ಟೋಪಿಯನ್ನು ಬಿಚ್ಚಿ, ತಾವೇ ಒಯ್ದು ಡಬ್ಬಿಯೊಳಗೆ ಇಟ್ಟರು, ಎಸೆಯಲಿಲ್ಲ, ಇಟ್ಟರು. ಆಮೇಲೆ ಪಾನಾ ತೆಗೆದುಕೊಂಡು ಮೋಟರಿನ ನಟ್ಟನ್ನು ಬಿಗಿಮಾಡಿದರು. ಅದುವರೆಗೆ ಕಿವಿ ಹಿಡಿದುಕೊಂಡು ನಿಂತಿದ್ದ ಮಲಕಾಜಪ್ಪ, "ಮಾಬುಬಕ್ಕಾ, ನನ್ನ ತ್ವಾಟಕ್ಕೂ ಒಂದಿನ ಬಾರವಾ, ಬ್ಲೋವರಿಗಿ ಒಂದೀಟ ಉಗುರ ಎಳದು ಹೋಗು," ಎಂದ.

"ಟೋಪಿ ಬಿಚಗೊಂಡ ಬಾರಪಾ," ಎಂದರು ಆಕೆ. "ಈ ಸಲ ಕಿವಿ ಮನ್ಯಾಗ ಇಟ್ಟ ಬಾ."

ಈಗ ತೊಟ್ಟಿಲು ತೊಳೆಯುತ್ತದೆ, ಮಾಬುಬಿ ಆರಿಸುತ್ತಾರೆ. ಒಣಗಿದ ಕೆಲಸಕ್ಕೆ ಡಾಕ್ಟರಮ್ಮನವರ ಅಡ್ಡಿಯಿಲ್ಲ. ನಷ್ಟವಾದದ್ದು ನನ್ನೊಬ್ಬನಿಗೆ. ಮೊದಲು ನನ್ನ ಬೇರಿಂಗು ಒಂದೇ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು ಅಥವಾ ನಪಾಸಾಗುತ್ತಿತ್ತು. ಈಗ ಬುಡ್ಡೇಸಾಬರು ಕಣ್ಣು ಮುಚ್ಚಿ ಕೇಳಿ, ಸುಮ್ಮನಿದೆ ಎಂದು ತೀರ್ಪು ಕೊಟ್ಟ ಮೇಲೂ, "ಆಕೀಗಿ ಒಂದ ಸಲ ಮುಟ್ಟಿಸಿ ಬರ್ತೇನ್ರಿ ಅಯ್ಯಾರ," ಎಂದು ಜೇಬಿಗಿಳಿಸಿ ಒಯ್ಯುತ್ತಾರೆ. ಮೂರರಲ್ಲಿ ಒಂದು ಟಿಕೋಟಾದ ಬಸ್ಸಿನಲ್ಲಿ ಮರಳಿ ಬರುತ್ತದೆ.

ಇಂಥ ಜನರನ್ನು ನಾನು ಗಲ್ಲೆಯ ಮೇಲಿಂದ ಬಹಳ ನೋಡಿದ್ದೇನೆ. ಒಂದು ವಾಕ್ಯದಲ್ಲಿ ಆಡಿ ಮುಗಿಸಬಹುದಾದ ಅಕ್ಕರೆಗೆ ನಾಲ್ಕು ಬೇರಿಂಗು, ಒಂದು ಮೋಟರು, ಹತ್ತಾರು ಸೈಕಲ್ಲುಗಳ ಕಡ್ಡಿ ಖರ್ಚು ಮಾಡುವ ಜನ. ಲೋಹದ ಒಳಗಿನ ನರಳಾಟವನ್ನು ಮೈಲಿ ದೂರದಿಂದ ಕೇಳಬಲ್ಲ, ಮಗ್ಗುಲಲ್ಲಿ ಕೂತವರ ಮೌನವನ್ನು ಮಾತ್ರ ಯಂತ್ರವೆಲ್ಲ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತೆಂದು ತಿಳಿಯುವ ಜನ. ಸುಮ್ಮನಿರುವುದೇ ಒಳ್ಳೆಯ ಬೇರಿಂಗೆಂದು ನಂಬಿ ಬಾಳಿದವರಿಗೆ ಅದು ಸಹಜವೇ. ಅವರನ್ನು ನಾನು ಗೇಲಿ ಮಾಡುತ್ತೇನೆ, ಆದರೆ ಹಗುರವಾಗಿ ಎಣಿಸುವುದಿಲ್ಲ. ತಮ್ಮ ಕಿವಿಗೆ ಟಿಣ್ ಎಂದದ್ದನ್ನು, ಇನ್ನೊಬ್ಬರ ಉಗುರು ಬೇಡವೆಂದಿತೆಂದು, ತಮ್ಮ ಕೈಯಿಂದಲೇ ಒಯ್ದು ಡಬ್ಬಿಯಲ್ಲಿಟ್ಟು ಬರುವಷ್ಟು ದೊಡ್ಡತನ ಮಾತಿನಲ್ಲಿ ಬಲ್ಲಿದರಾದ ನಮ್ಮಂಥವರಲ್ಲಿ ಕಡಿಮೆ. ನನ್ನ ಅಂಗಡಿಗೆ ಬಂದ ಬಿರುಕು ಮಾಲನ್ನು ನಾನಂತೂ, ಸಪ್ಪಳ ಚಲೋ ಬಂದರೆ, ಒಮ್ಮೆಯಾದರೂ ಮಾರಲು ನೋಡುತ್ತೇನೆ.